ಕೊಬ್ಬರಿಗೂ ಹಲಾಲ್ ಸರ್ಟಿಫಿಕೇಟ್ ಬೇಕೆ?

ಹಲಾಲ್ ಎಂದ ಕೂಡಲೇ ನಮ್ಮವರ ಮನಸ್ಸು ಮಾಂಸದ ಅಂಗಡಿಗೆ ಹೋಗುತ್ತದೆ. ಝಬಹ್ ಸರಿಯಾಗಿ ಆಯಿತೇ, ಅಲ್ಲಾಹನ ಹೆಸರು ಹೇಳಿದರೇ ಎಂದು ವಿಚಾರಿಸಿಕೊಂಡರೆ ವಿಷಯ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ತೆಂಗಿನ ಸೀಮೆಯಲ್ಲಿ ಈಗ ಕೇಳಿಬರುವ ಪ್ರಶ್ನೆ ಬೇರೆಯದು. "ಡಾಕ್ಟ್ರೇ, ನಮ್ಮ ಕಾಯಿ ಪೌಡರ್‌ಗೆ ಹಲಾಲ್ ಸರ್ಟಿಫಿಕೇಟ್ ಕೇಳ್ತಾವ್ರೆ. ತೆಂಗಿನಕಾಯಲ್ಲಿ ಹರಾಮ್ ಆಗೋದು ಏನಿದೆ ಹೇಳಿ?" ಎಂದು ಚಿಕಿತ್ಸೆಗೆ ಬಂದವರೇ ಕೇಳುತ್ತಾರೆ. ಅವರಲ್ಲಿ ನಮ್ಮ ಜಮಾಅತ್‌ನವರೂ ಇದ್ದಾರೆ, ಇತರ ಸಮಾಜದ ಫ್ಯಾಕ್ಟರಿ ಮಾಲೀಕರೂ ಇದ್ದಾರೆ.

ತೆಂಗಿನಕಾಯಲ್ಲಿ ಹರಾಮ್ ಏನೂ ಇಲ್ಲ. ನಿಷಿದ್ಧವೆಂದು ಹೇಳಿರುವುದನ್ನು ಬಿಟ್ಟು ಉಳಿದ ಆಹಾರವೆಲ್ಲ ಮೂಲತಃ ಹಲಾಲ್ ಎಂಬುದು ಫಿಕ್‌ಹ್‌ನ ಸಾಮಾನ್ಯ ತತ್ವ. ಮರದಿಂದ ಇಳಿಸಿದ ಕಾಯಿಗೂ ಅಟ್ಟದಲ್ಲಿ ಒಣಗಿದ ಉಂಡೆ ಕೊಬ್ಬರಿಗೂ ಯಾರ ಮುದ್ರೆಯೂ ಬೇಕಿಲ್ಲ. ಸರ್ಟಿಫಿಕೇಟ್ ಕೊಡುವುದು ಕಾಯಿಗಲ್ಲ. ಆ ಕಾಯಿ ಪ್ಯಾಕೆಟ್ ಸೇರುವ ತನಕ ನಡೆಯುವ ಕೆಲಸಕ್ಕೆ. ಅದಕ್ಕೆ ಏನೇನು ಸೇರಿತು, ಯಾವ ಯಂತ್ರದಲ್ಲಿ ಅರೆದರು, ಯಾವ ನೀರಲ್ಲಿ ತೊಳೆದರು, ಯಾವ ಚೀಲದಲ್ಲಿ ತುಂಬಿದರು ಎಂಬುದನ್ನು ನೋಡಿ ಕೊಡುವ ಕಾಗದ ಅದು. ಆದ್ದರಿಂದ ಸಣ್ಣ ಘಟಕದವರು ದುಡ್ಡು ಕಟ್ಟುವ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಬೇಕು. ಈ ಕಾಗದವನ್ನು ಕೇಳುತ್ತಿರುವವರು ಯಾರು? ನಮ್ಮ ಕೆಲಸದ ಜಾಗ ಪರೀಕ್ಷೆಗೆ ನಿಲ್ಲುತ್ತದೆಯೇ? ಮೊದಲನೆಯದಕ್ಕೆ ಉತ್ತರ ಇಲ್ಲದಿದ್ದರೆ ಸರ್ಟಿಫಿಕೇಟ್ ದಂಡದ ಖರ್ಚು. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಸರ್ಟಿಫಿಕೇಟ್ ಗೋಡೆಯ ಮೇಲಿನ ಪಟ.

ಕೇಳುವವರು ಯಾರು?

ತಿಪಟೂರಿನ ಉಂಡೆ ಕೊಬ್ಬರಿ ಎ.ಪಿ.ಎಂ.ಸಿ. ಮಾರುಕಟ್ಟೆಯಿಂದ ಹೆಚ್ಚಾಗಿ ಉತ್ತರ ಭಾರತದ ಕಡೆ ಹೋಗುತ್ತದೆ. ಆ ವ್ಯಾಪಾರದಲ್ಲಿ ಹಲಾಲ್ ಕಾಗದ ಕೇಳುವವರಿಲ್ಲ. ಊರಿನ ಸಂತೆಯಲ್ಲಿ ಗಾಣದ ಎಣ್ಣೆ ಮಾರುವವರಿಗೂ, ಕಿಬ್ಬನಹಳ್ಳಿ ಕ್ರಾಸಿನ ಅಂಗಡಿಗಳಿಗೆ ಕೊಬ್ಬರಿ ಮಿಠಾಯಿ ಹಾಕುವವರಿಗೂ ಅದರ ಅಗತ್ಯ ಕಾಣುವುದಿಲ್ಲ. ಮುಸ್ಲಿಮ್ ಗಿರಾಕಿ ಕೇಳಿದರೆ ಏನೇನು ಹಾಕಿದ್ದೀರಿ ಎಂಬುದನ್ನು ಪ್ಯಾಕೆಟ್ ಮೇಲೆ ಸರಿಯಾಗಿ ಬರೆದು ತೋರಿಸಿದರೆ ಸಾಕು.

ಕೇಳುವವರು ಎರಡು ಬಗೆ. ಕೊಲ್ಲಿ ರಾಷ್ಟ್ರಗಳಿಗೋ ಮಲೇಷ್ಯಾಕ್ಕೋ ಮಾಲು ಕಳಿಸುವ ರಫ್ತುದಾರರು ಒಂದು ಬಗೆ. ಇನ್ನೊಂದು ಬಗೆಯವರು ನಮ್ಮ ದೇಶದ ದೊಡ್ಡ ಬಿಸ್ಕತ್, ಚಾಕೊಲೇಟ್, ಮಸಾಲೆ ಕಂಪನಿಗಳು. ಅವರ ಬಿಸ್ಕತ್ತಿಗೆ ಹಲಾಲ್ ಸರ್ಟಿಫಿಕೇಟ್ ಬೇಕಾದರೆ ಅದಕ್ಕೆ ಬೀಳುವ ಕಾಯಿ ಪೌಡರ್‌ನ ಬಗ್ಗೆಯೂ ಪರಿಶೀಲಕರಿಗೆ ಅವರು ಉತ್ತರ ಕೊಡಬೇಕು. ಅದಕ್ಕೇ ನಮ್ಮ ಪೌಡರ್ ಫ್ಯಾಕ್ಟರಿಯವರನ್ನು ಕೇಳುತ್ತಾರೆ. ಹೀಗೆ ಜಕಾರ್ತದ ಒಂದು ಕಾನೂನು ತುರುವೇಕೆರೆಯ ಶೆಡ್ಡಿನ ತನಕ ಬಂದು ಮುಟ್ಟುತ್ತದೆ. ಇಂಡೋನೇಷ್ಯಾ 2014ರಲ್ಲಿ ಮಾಡಿದ ಹಲಾಲ್ ಕಾನೂನಿನ ಪ್ರಕಾರ ಅಲ್ಲಿ ಆಹಾರ ಮತ್ತು ಪಾನೀಯಗಳಿಗೆ ಸರ್ಟಿಫಿಕೇಟ್ ಕಡ್ಡಾಯವಾಗುತ್ತ ಬಂದಿದೆ. ತೆಂಗು ಬೆಳೆಯುವುದರಲ್ಲಿ ಆ ದೇಶ ನಮಗಿಂತ ಹಿಂದೆ ಇಲ್ಲ. ನಮ್ಮ ಕಾಯಿ ಅವರಿಗೆ ಬೇಕಿಲ್ಲ. ಆದರೆ ನಮ್ಮ ಕಾಯಿ ಸೇರಿದ ಬಿಸ್ಕತ್ ಅಲ್ಲಿಗೆ ಹೋಗಬಹುದು.

ಖರೀದಿದಾರರು ಬಾಯಲ್ಲಿ ಕೇಳಿದರೆ ಸಾಲದು. ಯಾವ ದೇಶಕ್ಕೆ, ಯಾವ ಮಾಲಿಗೆ, ಯಾವ ಸಂಸ್ಥೆಯ ಸರ್ಟಿಫಿಕೇಟ್ ನಡೆಯುತ್ತದೆ ಎಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಎಲ್ಲ ದೇಶಕ್ಕೂ ಒಪ್ಪಿಗೆಯಾಗುವ ಒಂದೇ ಮುದ್ರೆ ಎಂಬುದು ಪ್ರಪಂಚದಲ್ಲಿ ಇಲ್ಲ. ಮಲೇಷ್ಯಾದಲ್ಲಿ ಜಾಕಿಮ್ ಎಂಬ ಸರ್ಕಾರಿ ಇಲಾಖೆ, ಇಂಡೋನೇಷ್ಯಾದಲ್ಲಿ ಬಿಪಿಜೆಪಿಎಚ್, ಯುಎಇಯಲ್ಲಿ ಕೈಗಾರಿಕಾ ಸಚಿವಾಲಯ, ಹೀಗೆ ಪ್ರತಿಯೊಂದು ದೇಶವೂ ಯಾವ ಹೊರದೇಶದ ಸಂಸ್ಥೆಯನ್ನು ಒಪ್ಪುತ್ತೇವೆ ಎಂಬ ಪಟ್ಟಿ ಇಟ್ಟುಕೊಂಡಿದೆ. ಆ ಪಟ್ಟಿ ಆಗಾಗ ಬದಲಾಗುತ್ತದೆ. ನಮ್ಮ ದೇಶದಲ್ಲಿ ಚೆನ್ನೈನ ಹಲಾಲ್ ಇಂಡಿಯಾ, ದೆಹಲಿಯ ಜಮೀಅತ್ ಉಲಮಾ-ಎ-ಹಿಂದ್ ಹಲಾಲ್ ಟ್ರಸ್ಟ್, ಮುಂಬೈನ ಜಮೀಅತ್ ಉಲಮಾ ಹಲಾಲ್ ಫೌಂಡೇಶನ್ ಮುಂತಾದ ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ಯಾವುದು ದೊಡ್ಡದು, ಯಾವುದು ಅಗ್ಗ ಎಂದು ನೋಡುವುದಕ್ಕಿಂತ ನಿಮ್ಮ ಮಾಲು ಇಳಿಯುವ ಬಂದರಿನಲ್ಲಿ ಯಾವುದು ನಡೆಯುತ್ತದೆ ಎಂದು ನೋಡಬೇಕು.

ಸರ್ಕಾರದ ನಿಯಮ ಏನು ಎಂದು ಬಹಳ ಜನ ಕೇಳುತ್ತಾರೆ. ನಮ್ಮ ದೇಶದಲ್ಲಿ ತೆಂಗಿನ ಉತ್ಪನ್ನಕ್ಕೆ ಹಲಾಲ್ ಸರ್ಟಿಫಿಕೇಟ್ ಕಡ್ಡಾಯವಲ್ಲ. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2023ರಲ್ಲಿ ನಿಯಮ ತಂದು, 2024ರ ಅಕ್ಟೋಬರ್‌ನಿಂದ 15 ದೇಶಗಳಿಗೆ ಹೋಗುವ ಮಾಂಸ ಮತ್ತು ಮಾಂಸದ ಉತ್ಪನ್ನಗಳಿಗೆ ಮಾತ್ರ ಭಾರತೀಯ ಗುಣಮಟ್ಟ ಮಂಡಳಿಯ 'ಐ-ಕ್ಯಾಸ್ ಹಲಾಲ್' ಯೋಜನೆಯಡಿ ಮಾನ್ಯತೆ ಪಡೆದ ಸಂಸ್ಥೆಯ ಸರ್ಟಿಫಿಕೇಟ್ ಬೇಕು ಎಂದಿದೆ. "ಸರ್ಕಾರ ಕಡ್ಡಾಯ ಮಾಡಿದೆ, ಈ ತಿಂಗಳೊಳಗೆ ಮಾಡಿಸಿ" ಎಂದು ಯಾರಾದರೂ ನಿಮ್ಮ ಮಿಲ್ಲಿಗೆ ಬಂದು ಹೆದರಿಸಿದರೆ ಆ ಮಾತನ್ನು ನಂಬಬೇಡಿ.

ಇನ್ನೊಂದು ಬಗೆಯ ಹೆದರಿಕೆಯೂ ಇದೆ. 2022ರ ಯುಗಾದಿ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸುವ ಕರೆ ಎದ್ದ ಮೇಲೆ ಈ ಪದ ಪ್ಯಾಕೆಟ್ ಮೇಲಿದ್ದರೆ ಗಿರಾಕಿ ಏನೆನ್ನುತ್ತಾರೋ ಎಂದು ಹಿಂಜರಿಯುವ ಮಾಲೀಕರಿದ್ದಾರೆ. 2023ರ ನವೆಂಬರ್ 18ರಂದು ಉತ್ತರ ಪ್ರದೇಶ ಸರ್ಕಾರ ಹಲಾಲ್ ಮುದ್ರೆಯ ಉತ್ಪನ್ನಗಳ ತಯಾರಿಕೆ, ದಾಸ್ತಾನು, ಮಾರಾಟವನ್ನು ನಿಷೇಧಿಸಿ ಆದೇಶ ಹೊರಡಿಸಿತು. ರಫ್ತಿನ ಮಾಲಿಗೆ ಅದರಿಂದ ವಿನಾಯಿತಿ ಇತ್ತು. ಕರ್ನಾಟಕದಲ್ಲಿ ಅಂಥ ಆದೇಶ ಇಲ್ಲ. ಸರ್ಟಿಫಿಕೇಟ್ ಪಡೆದವರು ಮುದ್ರೆಯನ್ನು ಎಲ್ಲ ಪ್ಯಾಕೆಟ್ ಮೇಲೂ ಹಾಕಲೇಬೇಕೆಂದಿಲ್ಲ. ಕಂಪನಿಗೆ 25 ಕಿಲೋ ಚೀಲದಲ್ಲಿ ಪೌಡರ್ ಕೊಡುವವರು ಸರ್ಟಿಫಿಕೇಟಿನ ಪ್ರತಿಯನ್ನು ಬಿಲ್ಲಿನ ಜೊತೆ ಕೊಟ್ಟರೆ ಆಯಿತು. ಊರಿನ ಮಾರಾಟದ ಪ್ಯಾಕೆಟ್ಟಿಗೂ ರಫ್ತಿನ ಪ್ಯಾಕೆಟ್ಟಿಗೂ ಬೇರೆ ಬೇರೆ ಲೇಬಲ್ ಮಾಡಿಸುವುದು ಎಲ್ಲ ಕಡೆಯೂ ಇರುವ ಪದ್ಧತಿ. ಮಾಲೀಕರು ಮುಸ್ಲಿಮರಾಗಿರಬೇಕು ಎಂಬ ನಿಯಮವೂ ಇಲ್ಲ. ಪರೀಕ್ಷೆ ನಡೆಯುವುದು ಕೆಲಸಕ್ಕೆ, ಮಾಲೀಕರ ಧರ್ಮಕ್ಕಲ್ಲ.

ಶೆಡ್ಡಿನೊಳಗೆ ನೋಡುವುದು

ಪೌಡರ್ ಮಾಡುವ ಕ್ರಮ ನಮ್ಮ ಓದುಗರಲ್ಲಿ ಬಹಳ ಜನಕ್ಕೆ ಗೊತ್ತು. ಕಾಯಿ ಸುಲಿದು, ಚಿಪ್ಪು ಬಿಡಿಸಿ, ಕಂದು ಸಿಪ್ಪೆ ಹೆರೆದು, ಬಿಳಿ ತಿರುಳನ್ನು ತೊಳೆದು, ಬಿಸಿ ನೀರು ಇಲ್ಲವೇ ಹಬೆ ಕೊಟ್ಟು, ಅರೆದು, ಡ್ರೈಯರ್‌ನಲ್ಲಿ ತೇವ ಶೇ. 3ರ ಒಳಗೆ ಬರುವಂತೆ ಒಣಗಿಸುತ್ತಾರೆ. ಇದರಲ್ಲಿ ಹರಾಮ್ ಎಲ್ಲಿಂದ ಬರಬೇಕು? ಕಾಯಿಂದಲ್ಲ, ಪಕ್ಕದಿಂದ ಬರುತ್ತದೆ. ಯಂತ್ರದ ಬೇರಿಂಗಿಗೆ ಹಾಕುವ ಗ್ರೀಸು ಯಾವುದರಿಂದ ಮಾಡಿದ್ದು? ಅದು ತಿರುಳಿಗೆ ತಾಗುತ್ತದೆಯೇ? ಚೀಲ ಹೊಸದೋ, ಹಿಂದೆ ಎಲುಬಿನ ಗೊಬ್ಬರವೋ ಪಶು ಆಹಾರವೋ ತುಂಬಿದ್ದೋ? ಅದೇ ಯಂತ್ರದಲ್ಲಿ ಬೇರೆಯವರ ಮಾಲನ್ನೂ ಅರೆದುಕೊಡುತ್ತೀರಾ? ಲಾರಿಯಲ್ಲಿ ಇದಕ್ಕೆ ಮುಂಚೆ ಏನು ಹೇರಿದ್ದರು? ಪರಿಶೀಲಕರು ಕೇಳುವ ಪ್ರಶ್ನೆಗಳು ಇಂಥವು. ಕೇಳಿದರೆ ನಗು ಬರಬಹುದು. ಆದರೆ ಗೋಣಿಚೀಲ ಮತ್ತೆ ಮತ್ತೆ ಬಳಸುವ ನಮ್ಮ ಕಡೆ ಚೀಲದ ಪ್ರಶ್ನೆ ತಮಾಷೆಯದಲ್ಲ.

ಬ್ರಷ್‌ಗಳ ಬಗ್ಗೆ ಒಂದು ಮಾತು. ಹಂದಿಯ ಕೂದಲಿನಿಂದ ಮಾಡಿದ ಬ್ರಷ್ ಮಾರುಕಟ್ಟೆಯಲ್ಲಿ ಸಾಮಾನ್ಯ. ಬಣ್ಣ ಹೊಡೆಯಲು ಮಾಡಿದ ಅದನ್ನೇ ಬೇಕರಿಯಲ್ಲಿ ಬನ್ನಿಗೆ ಎಣ್ಣೆ ಸವರಲೋ ಮಿಲ್ಲಿನಲ್ಲಿ ಯಂತ್ರದ ಪುಡಿ ಝಾಡಿಸಲೋ ಇಟ್ಟಿರುತ್ತಾರೆ. ಅನುಮಾನವಿದ್ದರೆ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದರೆ ಪ್ರಾಣಿಯದು. ಕರಗಿ ಗುಂಡಗಾದರೆ ನೈಲಾನ್. ಆಹಾರಕ್ಕೆಂದೇ ಮಾಡಿದ ನೈಲಾನ್ ಅಥವಾ ಸಿಲಿಕೋನ್ ಬ್ರಷ್‌ಗೆ ಬದಲಿಸಲು ಹೆಚ್ಚು ಖರ್ಚಾಗುವುದಿಲ್ಲ.

ಎಣ್ಣೆ ಮಿಲ್ಲಿನವರ ಕೆಲಸ ಇನ್ನೂ ಸುಲಭ. ಕೊಬ್ಬರಿಯನ್ನು ಹಿಂಡಿ ಸೋಸಿ ತುಂಬುವ ಎಣ್ಣೆಯಲ್ಲಿ ಕೇಳುವ ಪ್ರಶ್ನೆ ಸೋಸುವ ಬಟ್ಟೆ, ಡಬ್ಬಿ, ಗ್ರೀಸು ಇಷ್ಟಕ್ಕೇ ನಿಲ್ಲುತ್ತದೆ. ಎಣ್ಣೆಯನ್ನೋ ಸಕ್ಕರೆಯನ್ನೋ ಬಿಳುಪು ಮಾಡಲು ಇದ್ದಿಲು ಬಳಸಿದರೆ ಅದು ಎಲುಬಿನದೋ ಗಿಡದ್ದೋ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ನಮ್ಮ ತೋಟದಲ್ಲೇ ಇದೆ. ತೆಂಗಿನ ಚಿಪ್ಪಿನ ಇದ್ದಿಲಿನಿಂದ ಮಾಡುವ ಆಕ್ಟಿವೇಟೆಡ್ ಕಾರ್ಬನ್ ಎಲುಬಿನ ಇದ್ದಿಲಿಗೆ ಬದಲಾಗಿ ನಿಂತಿದೆ. ಒಲೆಗೆ ಹಾಕಿ ಸುಟ್ಟುಬಿಡುತ್ತಿದ್ದ ಚಿಪ್ಪು ಹಲಾಲ್ ಉದ್ಯಮಕ್ಕೆ ಇಷ್ಟು ಬೇಕಾದ ವಸ್ತುವಾಗುತ್ತದೆಂದು ನಮ್ಮ ಅಜ್ಜಂದಿರಿಗೆ ಗೊತ್ತಿರಲಿಲ್ಲ.

ನಿಜವಾದ ತೊಡಕು ಇರುವುದು ಮಿಠಾಯಿ, ಚಿಪ್ಸ್, ಬೇಕರಿ ತಿನಿಸಿನಲ್ಲಿ. ಕೊಬ್ಬರಿ ಬರ್ಫಿಗೆ ಹಾಕುವ ಎಸೆನ್ಸ್ ಕರಗಿರುವುದು ಆಲ್ಕೋಹಾಲ್‌ನಲ್ಲೋ ಪ್ರೊಪಿಲೀನ್ ಗ್ಲೈಕಾಲ್‌ನಲ್ಲೋ? ಕೆಂಪು ಬಣ್ಣ 120 ಎಂಬ ಸಂಖ್ಯೆಯದಾದರೆ ಅದು ಒಣಗಿಸಿದ ಕೀಟದಿಂದ ಬಂದದ್ದು. 471 ಎಂಬ ಎಮಲ್ಸಿಫೈಯರ್ ಗಿಡದ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿ ಕೊಬ್ಬಿನಿಂದಲೂ ಆಗುತ್ತದೆ. ಬ್ರೆಡ್ಡಿಗೆ ಹಾಕುವ ಇಂಪ್ರೂವರ್‌ನಲ್ಲಿ 920 ಇದ್ದರೆ ಅದರ ಮೂಲ ಕೂದಲೋ ಪುಕ್ಕವೋ ಆಗಿರಬಹುದು. ಜೆಲ್ಲಿಯಲ್ಲಿ ಜೆಲಟಿನ್. ಇದು ನಮ್ಮ ಔಷಧಿ ಕ್ಷೇತ್ರದಲ್ಲೂ ಇರುವ ಪ್ರಶ್ನೆ. ಯುನಾನಿ ಕ್ಯಾಪ್ಸೂಲ್ ಎಂದು ಬರೆದ ಮಾತ್ರಕ್ಕೆ ಅದರ ಹೊದಿಕೆ ಹಲಾಲ್ ಆಗುವುದಿಲ್ಲ. ಬೆಳ್ಳಿಯ ವರಖ್ ಹಿಂದೆ ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿದು ಮಾಡುತ್ತಿದ್ದರು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರಾಣಿಮೂಲದ ವಸ್ತುವಿನ ಬಳಕೆಯನ್ನು ನಿಷೇಧಿಸಿತು. ಯಂತ್ರದ ವರಖ್ ಕೊಂಡು ಬಿಲ್ ಇಟ್ಟುಕೊಳ್ಳಿ.

ಇಷ್ಟೆಲ್ಲ ಸಂಖ್ಯೆ ನೆನಪಿಡುವುದು ಕಷ್ಟ. ಸುಲಭದ ದಾರಿ ಒಂದಿದೆ. ನಮ್ಮ ದೇಶದಲ್ಲಿ ಪ್ಯಾಕೆಟ್ ಆಹಾರದ ಮೇಲೆ ಹಸಿರು ಗುರುತು ಇದ್ದರೆ ಅದರಲ್ಲಿ ಪ್ರಾಣಿ, ಪಕ್ಷಿ, ಕೀಟದ ಅಂಶ ಪದಾರ್ಥವಾಗಿ ಸೇರಿಲ್ಲ ಎಂದು ಅರ್ಥ. ಹಾಲು, ಜೇನು ಮುಂತಾದ ಕೆಲವಕ್ಕೆ ವಿನಾಯಿತಿ. ಹಾಗಾಗಿ ನೀವು ಕೊಳ್ಳುವ ಪ್ರತಿಯೊಂದು ಕಚ್ಚಾ ಪದಾರ್ಥವೂ ಹಸಿರು ಗುರುತಿನದಾದರೆ ಮುಕ್ಕಾಲು ಕೆಲಸ ಆದಂತೆ. ಉಳಿದ ಕಾಲು ಭಾಗ ಮದ್ಯಸಾರದ್ದು. ಹಸಿರು ಗುರುತು ಆಲ್ಕೋಹಾಲ್ ಬಗ್ಗೆ ಏನೂ ಹೇಳುವುದಿಲ್ಲ. ಎಸೆನ್ಸ್ ಬಾಟಲಿಯ ಕಂಪನಿಯಿಂದ ಅದು ಯಾವುದರಲ್ಲಿ ಕರಗಿದೆ ಎಂಬ ಪತ್ರ ತರಿಸಲೇಬೇಕು.

ಸಿರ್ಕಾ ಮತ್ತು ನೀರಾ

ಪೌಡರ್ ಫ್ಯಾಕ್ಟರಿಗಳಲ್ಲಿ ಎಳನೀರಲ್ಲ, ಬಲಿತ ಕಾಯಿಯ ನೀರು ಸುಮ್ಮನೆ ಮೋರಿಗೆ ಹರಿಯುತ್ತದೆ. ಅದು ಹುಳಿತು ನಾರುವುದನ್ನು ಆ ದಾರಿಯಲ್ಲಿ ಓಡಾಡಿದವರೆಲ್ಲ ಬಲ್ಲರು. ಅದರಿಂದ ಸಿರ್ಕಾ, ಅಂದರೆ ವಿನೆಗರ್ ಮಾಡಬಹುದು. ಆಗ ಕೇಳುವ ಪ್ರಶ್ನೆ: ನೀರಿಗೆ ಸಕ್ಕರೆ ಸೇರಿಸಿ ಹುದುಗಿಸಿದರೆ ಮೊದಲು ಆಲ್ಕೋಹಾಲ್ ಆಗುತ್ತದೆ, ಆಮೇಲೆ ತಾನೇ ವಿನೆಗರ್? ಇದು ಹಲಾಲೇ?

ಪ್ರಶ್ನೆ ಸರಿಯಾದದ್ದೇ. ಯೀಸ್ಟು ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಬಳಿಕ ಬೇರೊಂದು ಬ್ಯಾಕ್ಟೀರಿಯಾ ಗಾಳಿಯ ಸಹಾಯದಿಂದ ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ವಸ್ತುವಿನ ಗುಣವೇ ಬದಲಾಗಿ ಅಮಲು ಹೋಗುತ್ತದೆ. ಇದನ್ನು ಫಿಕ್‌ಹ್‌ನಲ್ಲಿ ಇಸ್ತಿಹಾಲಾ ಎನ್ನುತ್ತಾರೆ. ಸಿರ್ಕಾವನ್ನು ಪ್ರವಾದಿ(ಸ)ರು ಮೆಚ್ಚಿದ್ದರೆಂಬುದು ಹದೀಸ್‌ನಲ್ಲಿ ಬಂದಿದೆ. ನಮ್ಮ ಹಕೀಮರ ಕಪಾಟಿನಲ್ಲಿ ಸಿರ್ಕಾ ಮತ್ತು ಜೇನಿನ ಸಿಕಂಜಬೀನ್ ಶತಮಾನಗಳಿಂದ ಇದೆ. ಮದ್ಯವನ್ನೇ ತಂದು ಉದ್ದೇಶಪೂರ್ವಕವಾಗಿ ವಿನೆಗರ್ ಮಾಡಬಹುದೇ ಎಂಬುದರಲ್ಲಿ ಮಾತ್ರ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಹನಫೀ ಉಲಮಾಗಳು ಒಪ್ಪುತ್ತಾರೆ. ಏನನ್ನಾದರೂ ಸೇರಿಸಿ ಮದ್ಯವನ್ನು ಹುಳಿ ಮಾಡುವುದನ್ನು ಶಾಫಿಈ ಉಲಮಾಗಳು ಒಪ್ಪುವುದಿಲ್ಲ. ನಮ್ಮ ಕಡೆ ಹೆಚ್ಚಿನವರು ಹನಫೀಗಳು, ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈಗಳು, ಮಲೇಷ್ಯಾ ಇಂಡೋನೇಷ್ಯಾಗಳಲ್ಲೂ ಶಾಫಿಈಗಳೇ. ಆದ್ದರಿಂದ ಆ ದೇಶಗಳಿಗೆ ಮಾಲು ಕಳಿಸುವ ಯೋಚನೆ ಇದ್ದರೆ ಹುದುಗಿಸುವ ಪ್ರತಿ ಹಂತವನ್ನೂ ಬರೆದು ಮೊದಲೇ ಸಂಸ್ಥೆಯವರಿಗೆ ತೋರಿಸಿ, ಆಮೇಲೆ ಡ್ರಮ್ ಕೊಳ್ಳಿ.

ನೀರಾದ ವಿಷಯ ಇನ್ನೂ ಸೂಕ್ಷ್ಮ. ಹೊಂಬಾಳೆಯಿಂದ ಇಳಿಸಿದ ತಾಜಾ ನೀರಾ ಹಲಾಲ್, ಸಿಹಿ, ಅಮಲಿಲ್ಲದ್ದು. ಅದೇ ನೀರಾ ನಮ್ಮ ಬಿಸಿಲಿನಲ್ಲಿ ಕೆಲವು ಗಂಟೆ ಹೊರಗಿದ್ದರೆ ಹುಳಿತು ಹೆಂಡವಾಗುತ್ತದೆ. ಬೆಳಿಗ್ಗೆ ಹಲಾಲ್, ಮಧ್ಯಾಹ್ನ ಹರಾಮ್. ಮರದ ಮೇಲೇ ಐಸ್ ಇಟ್ಟ ಪೆಟ್ಟಿಗೆಯಲ್ಲಿ ಇಳಿಸಿ, ಗ್ರಾಹಕರ ಕೈ ಸೇರುವ ತನಕ ತಂಪು ತಪ್ಪದಂತೆ ಸಾಗಿಸುವ ವ್ಯವಸ್ಥೆ ಇಲ್ಲದೆ ನೀರಾಕ್ಕೆ ಹಲಾಲ್ ಸರ್ಟಿಫಿಕೇಟ್ ಕೇಳುವುದರಲ್ಲಿ ಅರ್ಥವಿಲ್ಲ. ತಾಜಾ ಇರುವಾಗಲೇ ಕುದಿಸಿ ಬೆಲ್ಲ, ಸಕ್ಕರೆ ಮಾಡಿದರೆ ಈ ತೊಡಕಿಲ್ಲ.

ಹಲಾಲ್ ಆದರೆ ಸಾಲದು

ಕುರ್‌ಆನ್ ಅಲ್‌ಬಕರ ಅಧ್ಯಾಯದ 168ನೆಯ ಸೂಕ್ತದಲ್ಲಿ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಬಳಸಿದೆ. ತಯ್ಯಿಬ್ ಎಂದರೆ ಶುದ್ಧ, ಉತ್ತಮ. ವೈದ್ಯನಾಗಿ ನನಗೆ ಹೆಚ್ಚು ಚಿಂತೆ ಇರುವುದು ಈ ಎರಡನೆಯ ಪದದ ಬಗ್ಗೆಯೇ.

ಉದಾಹರಣೆಗೆ ಬೂಷ್ಟು. ಕೊಬ್ಬರಿ ಹಲಾಲ್, ಅದರ ಮೇಲಿನ ಬೂಷ್ಟನ್ನು ಬಟ್ಟೆಯಲ್ಲಿ ಒರೆಸಿ ಎಣ್ಣೆ ಹಿಂಡಿದರೆ ಆ ಎಣ್ಣೆ ಹರಾಮ್ ಎಂದು ಯಾರೂ ಹೇಳುವುದಿಲ್ಲ. ಆದರೆ ಹಳದಿ ಹಸಿರು ಬಣ್ಣದ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತನ್ನು ಕೆಡಿಸುತ್ತದೆ, ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಯಕೃತ್ತಿನ ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಒರೆಸಿದರೆ ಹೋಗುವುದಿಲ್ಲ, ಒಲೆಯ ಸಾಮಾನ್ಯ ಶಾಖಕ್ಕೆ ನಾಶವಾಗುವುದೂ ಇಲ್ಲ. ಕೊಬ್ಬರಿಯ ತೇವ ಶೇ. 6–7ಕ್ಕೆ ಇಳಿಯುವ ತನಕ ಒಣಗಿಸುವುದೇ ಇದಕ್ಕೆ ಮದ್ದು. ನಮ್ಮ ಹಿರಿಯರು ಕಾಯನ್ನು ಸಿಪ್ಪೆ ಸಮೇತ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟು ಗಿಟುಕು ಒಳಗೇ ಅಲುಗಾಡುವಂತೆ ಒಣಗಿಸುತ್ತಿದ್ದ ಕ್ರಮ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ಅಟ್ಟದಲ್ಲಿ ಇಲಿ ಓಡಾಡಿದರೂ ತಿರುಳು ಚಿಪ್ಪಿನೊಳಗೆ ಭದ್ರ. ಅಪಾಯ ಶುರುವಾಗುವುದು ಚಿಪ್ಪು ಒಡೆದ ಮೇಲೆ. ಅಂಗಳದ ನೆಲದ ಮೇಲೇ ಹರಡುತ್ತೇವೆ; ನಾಯಿ ಮಲಗುತ್ತದೆ, ಕೋಳಿ ಕೆದಕುತ್ತದೆ, ಮಳೆ ಹನಿ ಬೀಳುತ್ತದೆ. ಇಲ್ಲಿ ನಜಿಸ್‌ನ ಪ್ರಶ್ನೆಯೂ ಆರೋಗ್ಯದ ಪ್ರಶ್ನೆಯೂ ಒಂದೇ ಕಡೆ ಸೇರುತ್ತವೆ. ಸೊಂಟದೆತ್ತರದ ಜಾಲರಿ ಮಂಚ ಮತ್ತು ಸುತ್ತ ಬೇಲಿ ಹಾಕಿದರೆ ಎರಡೂ ಬಗೆಹರಿಯುತ್ತವೆ.

ಬಟ್ಟಲು ಕೊಬ್ಬರಿ ಬೆಳ್ಳಗೆ ಕಾಣಲೆಂದು ಗಂಧಕದ ಹೊಗೆ ಕೊಡುವ ರೂಢಿ ಕೆಲವೆಡೆ ಇದೆ. ಗಂಧಕ ಖನಿಜ, ಹರಾಮ್ ಅಲ್ಲ. ಆದರೆ ಆ ಹೊಗೆ ಕೆಲಸದವರ ಗಂಟಲು, ಕಣ್ಣು ಉರಿಸುತ್ತದೆ. ಉಳಿದ ಅಂಶ ಆಸ್ತಮಾ ಇರುವವರಿಗೆ ಉಬ್ಬಸ ತರಬಹುದು. ನನ್ನ ಅಭಿಪ್ರಾಯದಲ್ಲಿ ಇದು ಹಲಾಲ್ ಆಗಿಯೂ ತಯ್ಯಿಬ್ ಅಲ್ಲದ್ದು.

ಇನ್ನು ಕೈ ಮತ್ತು ನೀರು. ಪೌಡರನ್ನು ಜನ ಬೇಯಿಸದೆ ಹಾಗೇ ಲಾಡಿನ ಮೇಲೆ, ಕೇಕಿನ ಮೇಲೆ ಉದುರಿಸಿ ತಿನ್ನುತ್ತಾರೆ. 1953ರಲ್ಲಿ ಆಸ್ಟ್ರೇಲಿಯಾದಲ್ಲಿ ಟೈಫಾಯ್ಡ್ ಹರಡಿದಾಗ ಅದರ ಮೂಲ ಹುಡುಕಿದವರು ಹೊರಗಿನಿಂದ ತರಿಸಿದ ಒಣ ಕಾಯಿತುರಿಗೆ ಬಂದು ಮುಟ್ಟಿದರು. ಆಮೇಲೆ ಸಿಲೋನಿನ ಕಾಯಿತುರಿಯಲ್ಲೂ ಸಾಲ್ಮೊನೆಲ್ಲಾ ಸಿಕ್ಕಿ, ತಿರುಳನ್ನು ಬಿಸಿ ನೀರಲ್ಲೋ ಹಬೆಯಲ್ಲೋ ಹಾಯಿಸುವ ಪದ್ಧತಿ ಗಟ್ಟಿಯಾಯಿತು. ಆ ಒಂದು ಹಂತವನ್ನು ಸೌದೆ, ಕರೆಂಟು ಉಳಿಸಲೆಂದು ಕೆಲವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಸಿಪ್ಪೆ ಹೆರೆಯುವ ಹೆಣ್ಣುಮಕ್ಕಳ ಕೈ ಇಡೀ ದಿನ ನೀರಲ್ಲಿ ನೆನೆದು ಉಗುರುಸುತ್ತು ಆಗುತ್ತದೆ, ಚಾಕು ತಾಗಿ ಗಾಯವಾಗುತ್ತದೆ. ಕೀವಿರುವ ಕೈಯಿಂದ ತಿರುಳು ಮುಟ್ಟಬಾರದು. ಅವರಿಗೆ ಕೈಗವಸು ಕೊಡಿ, ಗಾಯವಾದ ದಿನ ಬೇರೆ ಕೆಲಸ ಕೊಡಿ, ಕೂಲಿ ಹಿಡಿಯಬೇಡಿ. ಕೂಲಿ ಹೋಗುತ್ತದೆಂದು ಗೊತ್ತಾದರೆ ಯಾರೂ ಗಾಯ ತೋರಿಸುವುದಿಲ್ಲ. ಆಹಾರ ಸುರಕ್ಷತಾ ನಿಯಮದ 4ನೆಯ ಪರಿಶಿಷ್ಟದ ಪ್ರಕಾರ ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಲಸಿಕೆ ಆಗಬೇಕು. ಒಂದು ಮಾತು ನಮ್ಮವರಿಗೇ ಹೇಳಬೇಕು: ವುಝೂ ಮಾಡಿ ಬಂದಿದ್ದೇನೆ ಎಂದರೆ ಸೋಪು ಹಚ್ಚಿ ಕೈ ತೊಳೆದಂತಾಗುವುದಿಲ್ಲ. ವುಝೂ ಇಬಾದತ್‌ಗೆ, ಸೋಪು ಕ್ರಿಮಿಗೆ.

ಅರ್ಜಿ ಹಾಕುವ ಮುನ್ನ

ಮೊದಲು ಎಫ್‌ಎಸ್‌ಎಸ್‌ಎಐ. ಅದಿಲ್ಲದೆ ಒಳ್ಳೆಯ ಹಲಾಲ್ ಸಂಸ್ಥೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿಗೆ 100 ರೂಪಾಯಿ ಶುಲ್ಕದ ನೋಂದಣಿ, ಅದಕ್ಕೆ ಮೇಲ್ಪಟ್ಟರೆ ಲೈಸೆನ್ಸ್ ಎಂದು ಇಟ್ಟಿದ್ದವು. ಮಿತಿಗಳು ಬದಲಾಗುವುದರಿಂದ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಡ್ರೈಯರ್, ಹಬೆ ಯಂತ್ರ, ಜಾಲರಿ ಮಂಚಕ್ಕೆ ಬಂಡವಾಳ ಸಾಲದವರಿಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ತುಮಕೂರು ಜಿಲ್ಲೆಗೆ ಗೊತ್ತುಮಾಡಿದ ಬೆಳೆಯೇ ತೆಂಗು. ಆ ಯೋಜನೆ ಇಟ್ಟಿದ್ದ ಸಹಾಯಧನ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ. ಅರ್ಜಿ ಈಗ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ತುಮಕೂರಿನ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ರಫ್ತಿನ ವಿಷಯಕ್ಕೆ ತೆಂಗು ಅಭಿವೃದ್ಧಿ ಮಂಡಳಿಯ ಬೆಂಗಳೂರು ಕಚೇರಿ ಇದೆ.

ಹಲಾಲ್ ಅರ್ಜಿಯ ಜೊತೆ ಕೇಳುವ ಕಾಗದಗಳು ಹೆಚ್ಚೇನಲ್ಲ. ಎಫ್‌ಎಸ್‌ಎಸ್‌ಎಐ ಮತ್ತು ಜಿಎಸ್‌ಟಿ ಪ್ರತಿ, ಶೆಡ್ಡಿನ ನಕ್ಷೆ, ಕೆಲಸದ ಹಂತಗಳ ಚಿತ್ರ, ಪ್ರತಿ ಕಚ್ಚಾ ಪದಾರ್ಥದ ಪಟ್ಟಿ ಮತ್ತು ಅದು ಬಂದ ಕಂಪನಿಯ ಪತ್ರ, ನೀರಿನ ಪರೀಕ್ಷಾ ವರದಿ. ಕಾಗದ ನೋಡಿದ ಮೇಲೆ ಆಹಾರ ತಂತ್ರಜ್ಞಾನ ಬಲ್ಲವರೊಬ್ಬರು, ಶರೀಅತ್ ಬಲ್ಲವರೊಬ್ಬರು ಬಂದು ಜಾಗ ನೋಡುತ್ತಾರೆ. ಕೊರತೆ ಬರೆದುಕೊಟ್ಟರೆ ತಿದ್ದಲು ಸಮಯ ಕೊಡುತ್ತಾರೆ. ಯಾರೂ ಬಂದು ನೋಡದೆ ಸರ್ಟಿಫಿಕೇಟ್ ಕಳಿಸಿದರೆ ಅದು ಸರ್ಟಿಫಿಕೇಟ್ ಅಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನಲ್ಲಿ ಚಿಕಿತ್ಸೆಗೆ ಬರುವ ಒಂದು ಕುಟುಂಬ ಮನೆಯಲ್ಲೇ ಕೊಬ್ಬರಿ ಮಿಠಾಯಿ ಮಾಡುತ್ತದೆ. ತಾಯಿ, ಇಬ್ಬರು ಹೆಣ್ಣುಮಕ್ಕಳು. ದುಬೈಗೆ ಮಾಲು ಕಳಿಸಿಕೊಡುತ್ತೇನೆ, ಮೊದಲು ಹಲಾಲ್ ಮಾಡಿಸಿ ಎಂದು ಬಂದ ಏಜೆಂಟ್ ಅವರ ಕೂಡಿಟ್ಟ ದುಡ್ಡನ್ನೆಲ್ಲ ತೆಗೆದುಕೊಂಡು ವಾಟ್ಸ್ಆ್ಯಪ್‌ನಲ್ಲಿ ಒಂದು ಬಣ್ಣದ ಕಾಗದ ಕಳಿಸಿದ. ನಿಜವಾದ ಖರೀದಿದಾರರು ಒಬ್ಬರು ಸಿಕ್ಕಿ ಆ ಕಾಗದ ಕೇಳಿ ನೋಡಿದಾಗ ಅದರ ಮೇಲಿದ್ದ ಸಂಸ್ಥೆಯ ಹೆಸರು ಯಾವ ದೇಶದ ಪಟ್ಟಿಯಲ್ಲೂ ಇರಲಿಲ್ಲ. ಮಿಠಾಯಿಯಲ್ಲಿ ಯಾವ ದೋಷವೂ ಇರಲಿಲ್ಲ. ಹೋದದ್ದು ದುಡ್ಡು ಮತ್ತು ಆ ವ್ಯಾಪಾರ. ಆ ತಾಯಿ ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಬಂದಾಗ ಇದನ್ನು ಹೇಳಿದ್ದು.

ಸರ್ಟಿಫಿಕೇಟ್ ಕೈಗೆ ಬಂದಾಗ ಇಷ್ಟು ನೋಡಿ: ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೆ ಸಿಗುತ್ತದೆಯೇ, ನಿಮ್ಮ ಶೆಡ್ಡಿನ ವಿಳಾಸವೇ ಇದೆಯೇ, ಪ್ರತಿ ಉತ್ಪನ್ನದ ಹೆಸರೂ ಇದೆಯೇ, ಕೊನೆಯ ದಿನಾಂಕ ಯಾವುದು, ಯಾವ ಮಾನಕದ ಪ್ರಕಾರ ಕೊಟ್ಟಿದ್ದಾರೆ. ಕೊಲ್ಲಿಗೆ 2055-1, ಮಲೇಷ್ಯಾಕ್ಕೆ ಎಂಎಸ್ 1500 ಎಂಬ ಸಂಖ್ಯೆಗಳು ಕಾಣಬೇಕು. ಪೌಡರ್‌ಗೆ ಪಡೆದದ್ದು ಬರ್ಫಿಗೆ ನಡೆಯುವುದಿಲ್ಲ. ಅಣ್ಣನ ಫ್ಯಾಕ್ಟರಿಯದು ತಮ್ಮನ ಪ್ಯಾಕಿಂಗ್ ಮನೆಗೆ ನಡೆಯುವುದಿಲ್ಲ. ಶುಲ್ಕವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಅರ್ಜಿ, ಪರಿಶೀಲಕರ ದಿನದ ಖರ್ಚು, ಓಡಾಟ, ಮುದ್ರೆ ಬಳಕೆ, ಮುಂದಿನ ವರ್ಷದ ನವೀಕರಣ. ದುಡ್ಡು ಸಂಸ್ಥೆಯ ಬ್ಯಾಂಕ್ ಖಾತೆಗೆ ಮಾತ್ರ ಹಾಕಿ. ಸರ್ಟಿಫಿಕೇಟ್ ಇಲ್ಲದೆ ಯಾವುದೋ ಮುದ್ರೆಯನ್ನು ಪ್ರಿಂಟ್ ಮಾಡಿಸಿಕೊಂಡು ಅಂಟಿಸುವುದು ಅಪರಾಧ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ ದಂಡವಿದೆ.

ನಾಲ್ಕಾರು ಸಣ್ಣ ಮನೆಗಳು ಸೇರಿ ಒಂದೇ ಕಡೆ ಅರೆದು ಪ್ಯಾಕ್ ಮಾಡುವ ಜಾಗ ಮಾಡಿಕೊಂಡರೆ ಒಂದೇ ಸರ್ಟಿಫಿಕೇಟಿನ ಖರ್ಚು ಹಂಚಿಹೋಗುತ್ತದೆ. ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿ ಇರುವ ಕಡೆ ಇದು ಸುಲಭ. ಮಸೀದಿ ಕಮಿಟಿಯವರು ತಿಂಗಳಿಗೊಂದು ಜುಮಾ ಆದ ಮೇಲೆ ಅರ್ಧ ಗಂಟೆ ಕುಳಿತು ಇಂಥವರ ಕಾಗದ ತುಂಬಿಸಿಕೊಟ್ಟರೆ ಏಜೆಂಟರ ಕೆಲಸ ತಾನೇ ಕಡಿಮೆಯಾಗುತ್ತದೆ. ಓದಿದ ಹುಡುಗರು ನಮ್ಮಲ್ಲಿ ಈಗ ಬೇಕಾದಷ್ಟಿದ್ದಾರೆ.

ರಮಝಾನಿಗೆ ಕೊಲ್ಲಿಯಲ್ಲಿ ಮಾಲು ಇರಬೇಕೆಂದು ಕೇಳುವ ಖರೀದಿದಾರರೇ ಹೆಚ್ಚು. ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹಡಗಿನ ಸಮಯ, ಪರಿಶೀಲನೆಯ ಸಮಯ, ತಿದ್ದುಪಡಿಯ ಸಮಯ ಎಲ್ಲ ಸೇರಿಸಿ ಕನಿಷ್ಠ ಆರು ತಿಂಗಳು ಮುಂಚೆ, ಅಂದರೆ ಸಫರ್ ತಿಂಗಳಲ್ಲೇ ಅರ್ಜಿ ಹಾಕಿ. ಸರ್ಟಿಫಿಕೇಟ್ ಸಾಮಾನ್ಯವಾಗಿ ಒಂದು ವರ್ಷಕ್ಕೆ ಕೊಡುವುದರಿಂದ ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣದ ಕಾಗದ ಕಳಿಸಿ; ಎಸೆನ್ಸ್, ಬಣ್ಣ, ಚೀಲ ಯಾವುದನ್ನು ಬದಲಿಸಿದರೂ ಆ ದಿನದ ಬಿಲ್ಲನ್ನು ಫೈಲಿಗೆ ಸೇರಿಸುತ್ತ ಹೋಗಿ.